ಕೃಷ್ಣಪ್ಪನವರ ಕತ್ತಿಗಳಿಗೆ ಮಾಡಿದ ಕಪಾಟು

ಪ್ಯಾಟರ್ನ್ ಕೆಲಸಕ್ಕೆ ಹೊಸದಾಗಿ ಸೇರುವ ಹುಡುಗ ಹುಡುಗಿಯರಿಗೆ ನಾಲ್ಕು ಮಾತು ಬರೆದುಕೊಡಿ ಎಂದು ನಾನು ದುಡಿದ ಎರಕದ ಕಾರ್ಖಾನೆಯವರು ಕೇಳಿ ವರ್ಷ ಕಳೆಯಿತು. ಆಗಲೇ ಬರೆದುಕೊಟ್ಟಿದ್ದರೆ ನನ್ನ ಕೈಚಳಕದ ಬಗ್ಗೆ ಒಂದಷ್ಟು ಜಂಬ ಕೊಚ್ಚಿಕೊಂಡು ಮುಗಿಸಿಬಿಡುತ್ತಿದ್ದೆ. ಈಗ ಬರೆಯಲು ಕೂತರೆ ಕಣ್ಣ ಮುಂದೆ ಬರುವುದು ಕಾರ್ಖಾನೆಯಲ್ಲ. ಶಿವಮೊಗ್ಗದ ಒಂದು ಸಲೂನು, ಮುಖಕ್ಕೆ ನೊರೆ ಹಚ್ಚಿಸಿಕೊಂಡು ಕುರ್ಚಿಗೆ ಒರಗಿ ಕಣ್ಣು ಮುಚ್ಚಿರುವ ಒಬ್ಬ ಮುದುಕರು, ಅವರ ತಲೆಯ ಮೇಲ್ಗಡೆ ನಾನೇ ಮಾಡಿ ತೂಗುಹಾಕಿದ ಗಾಜಿನ ಕಪಾಟು. ಕಪಾಟಿನ ತುಂಬ ಬಿಚ್ಚಿದ ಕ್ಷೌರದ ಕತ್ತಿಗಳು. ಹಲ್ಲುಜ್ಜುವಾಗ, ಬಸ್ಸಿಗೆ ಕಾಯುವಾಗ, ಊಟಕ್ಕೆ ಕೂತಾಗ ಗಾಜು ಮತ್ತೆ ಮತ್ತೆ ತನ್ನ ತೋಡಿನಿಂದ ಜಾರುತ್ತದೆ. ಆದ್ದರಿಂದ ಬರೆಯುವುದಾದರೆ ಅದನ್ನೇ ಬರೆಯಬೇಕು. ಅದು ಅರ್ಥವಾಗಲು ಮಾತ್ರ ಕಾರ್ಖಾನೆಯಿಂದ ಶುರು ಮಾಡಬೇಕು.

ಉಕ್ಕಿನ ಯಾವುದೇ ಭಾಗವನ್ನು ಎರಕ ಹೊಯ್ಯುವ ಮೊದಲು ಮರದಲ್ಲಿ ಅದರ ಪ್ರತಿರೂಪ ಮಾಡಬೇಕು. ಅದನ್ನು ಮರಳಿನಲ್ಲಿ ಒತ್ತಿ ತೆಗೆದರೆ ಉಳಿಯುವ ಗುಳಿಗೆ ಕರಗಿದ ಲೋಹ ಸುರಿಯುತ್ತಾರೆ. ಆ ಮರದ ರೂಪವೇ ಪ್ಯಾಟರ್ನ್. ನಾನು ಬಿ.ಎಸ್ಸಿ. ಮುಗಿಸಿ, ಮೇಷ್ಟರ ಕೆಲಸ ಸಿಗದೆ, ಭದ್ರಾವತಿಯ ಹೊರಗಿನ ಒಂದು ಚಿಕ್ಕ ಕಾರ್ಖಾನೆಯ ಪ್ಯಾಟರ್ನ್ ಶಾಪಿಗೆ ಸೇರಿದೆ. ಅಲ್ಲಿನ ಫೋರ್‌ಮನ್ ಆರ್ಮುಗಂ. ಪದವಿ ಓದಿದವನೊಬ್ಬ ಉಳಿ ಹಿಡಿಯಲು ಬಂದದ್ದು ಅವರಿಗೆ ಬಹಳ ದಿನ ತಮಾಷೆಯಾಗಿತ್ತು. ನನ್ನ ಹೆಸರನ್ನು ಅವರು ಒಂದು ದಿನವೂ ಕರೆಯಲಿಲ್ಲ. "ಏಯ್ ಬಿಎಸ್ಸಿ" ಎಂದೇ ಕೊನೆತನಕ ಕರೆದರು.

ನನ್ನ ಮೊದಲ ಸ್ವತಂತ್ರ ಕೆಲಸ ಒಂದು ಪಂಪಿನ ಮುಚ್ಚಳ. ನಕ್ಷೆಯಲ್ಲಿದ್ದ ಅಳತೆಯನ್ನು ಕೂದಲೆಳೆಯಷ್ಟೂ ತಪ್ಪದೆ ಮರದಲ್ಲಿ ತಂದೆ. ಎರಕ ಹೊಯ್ದು, ತಣಿಸಿ, ಪಂಪಿನ ಮೇಲೆ ಇಟ್ಟು ನೋಡಿದರೆ ಮುಚ್ಚಳ ಚಿಕ್ಕದು. ಒಂದೆರಡಲ್ಲ, ಹೊಯ್ದದ್ದೆಲ್ಲ ಮತ್ತೆ ಕುಲುಮೆಗೆ ಹೋಯಿತು.

"ಯಾವುದ್ರಲ್ಲಿ ಅಳೆದೆ?" ಎಂದರು ಆರ್ಮುಗಂ.

ಜೇಬಿನಿಂದ ಟೇಪು ತೆಗೆದು ತೋರಿಸಿದೆ. ಅವರು ಅದನ್ನು ಕಿತ್ತುಕೊಂಡು ಮರಳಿನ ರಾಶಿಗೆ ಎಸೆದರು.

"ಕಬ್ಬಿಣ ನಿನ್ನ ಕಾಲೇಜು ಓದಿಲ್ಲಪ್ಪಾ. ಅದಕ್ಕೆ ಗೊತ್ತಿರೋದು ಒಂದೇ. ತಣ್ಣಗಾದ್ರೆ ಕುಗ್ಗೋದು. ಕುಗ್ಗೋ ಪಾಲನ್ನ ಮೊದ್ಲೇ ಮರದಲ್ಲಿ ಕೊಡ್ಬೇಕು. ಇನ್ಮೇಲೆ ಆ ದರ್ಜಿ ಟೇಪು ನನ್ನ ಶಾಪಲ್ಲಿ ಕಂಡ್ರೆ ನಿನ್ನನ್ನೂ ಅಲ್ಲಿಗೇ ಎಸೀತೀನಿ."

ಅಂದು ಅವರು ತಮ್ಮ ಪೆಟ್ಟಿಗೆಯಿಂದ ಒಂದು ಉಕ್ಕಿನ ಸ್ಕೇಲು ತೆಗೆದುಕೊಟ್ಟರು. ನೋಡಲು ಎಲ್ಲ ಸ್ಕೇಲುಗಳಂತೆಯೇ ಇತ್ತು. ಆದರೆ ಅದರ ಒಂದು ಅಡಿ, ನಿಜವಾದ ಅಡಿಗಿಂತ ಸುಮಾರು ಕಾಲು ಇಂಚು ಉದ್ದ. ಲೋಹ ಕುಗ್ಗುವ ಪಾಲನ್ನು ಲೆಕ್ಕ ಹಾಕುವ ತಲೆನೋವು ಇರಬಾರದೆಂದು ಗೆರೆಗಳನ್ನೇ ಹಿಗ್ಗಿಸಿ ಕೊರೆದಿದ್ದರು. ನಕ್ಷೆಯಲ್ಲಿ ಹತ್ತು ಎಂದಿದ್ದರೆ ಇದರಲ್ಲಿ ಹತ್ತು ಹಿಡಿದರಾಯಿತು, ಉಳಿದದ್ದನ್ನು ಸ್ಕೇಲು ನೋಡಿಕೊಳ್ಳುತ್ತದೆ. ನನ್ನ ದುಡಿಮೆಯ ಕಾಲವೆಲ್ಲ ಅದೊಂದೇ ನನ್ನ ಕೈಯಲ್ಲಿತ್ತು. ಇದು ಎರಕದ ಸ್ಕೇಲೆಂದು ಅದರ ಬೆನ್ನಿಗೆ ಕೊರೆದಿದ್ದ ಗುರುತು ಸವೆದು ಅಳಿಸಿಹೋಯಿತು. ಬೇರೆ ಸ್ಕೇಲು ಹಿಡಿದರೆ ಕೈಗೆ ಪರಕೀಯವೆನಿಸುತ್ತಿತ್ತು.

ಆರ್ಮುಗಂ ಕಲಿಸಿದ ಇನ್ನೊಂದು ಪಾಠ ಬೀಳುವ ವಸ್ತುವಿನದು. ಮೇಜಿನಿಂದ ಉಳಿ ಜಾರಿದರೆ ಹಿಡಿಯಲು ಕೈ ಚಾಚುವುದು ಯಾರಿಗಾದರೂ ಸಹಜ. ಹಾಗೆ ಚಾಚಿ ಅಂಗೈ ಸೀಳಿಕೊಂಡವನೊಬ್ಬನನ್ನು ನಾನು ಸೇರಿದ ವರ್ಷವೇ ನೋಡಿದೆ. ಅದಾದ ಮೇಲೆ ಆರ್ಮುಗಂ ಪ್ರತಿಯೊಬ್ಬ ಹೊಸಬನ ಎದುರಿಗೂ ಬೇಕೆಂದೇ ಉಳಿ ಬೀಳಿಸುತ್ತಿದ್ದರು. ಹಿಡಿಯಲು ಹೋದವನ ಬೆನ್ನಿಗೆ ಒಂದು ಗುದ್ದು. ಕೈ ಹಿಂದಕ್ಕೆ, ಕಾಲು ಹಿಂದಕ್ಕೆ, ಬೀಳೋದು ಬೀಳ್ಲಿ. ಇದು ಮೈಗೆ ಹತ್ತುವ ತನಕ ಅವರು ಬಿಡುತ್ತಿರಲಿಲ್ಲ. ಅವರು ಹೋದ ಮೇಲೆ ನಾನೂ ಹಾಗೆಯೇ ಕಲಿಸಿದೆ. ನನ್ನ ಕೈಕೆಳಗೆ ಯಾರ ಬೆರಳೂ ಹೋಗಲಿಲ್ಲ ಎಂದು ನಿವೃತ್ತಿಯ ದಿನ ಮ್ಯಾನೇಜರು ಹೊಗಳಿದರು.

ಆ ಹೊತ್ತಿಗೆ ಕಾಲ ಬದಲಾಗಿತ್ತು. ಕುಗ್ಗುವ ಪಾಲನ್ನು ಈಗ ಕಂಪ್ಯೂಟರು ತಾನೇ ಸೇರಿಸಿಕೊಳ್ಳುತ್ತದೆ, ಯಂತ್ರ ತಾನೇ ಕೆತ್ತುತ್ತದೆ. ಎಷ್ಟೋ ಕಡೆ ಮರದ ಬದಲು ಥರ್ಮೋಕೋಲು ಬಂದಿದೆ. ಹಳೆಯ ತೇಗದ ಪ್ಯಾಟರ್ನುಗಳನ್ನು ಗುಜರಿಗೆ ಹಾಕುವಾಗ ನಾನು ಒಂದಿಷ್ಟನ್ನು ಕೇಳಿ ಪಡೆದು ಶಿವಮೊಗ್ಗದ ಮನೆಗೆ ತಂದೆ. ಸ್ಕೇಲನ್ನೂ ತಂದೆ.

ಕೃಷ್ಣಪ್ಪನವರ ಸಲೂನು ಭದ್ರಾವತಿಯ ಜನ್ನಾಪುರದಲ್ಲಿತ್ತು. ಕಾರ್ಖಾನೆಗೆ ಸೇರಿದಾಗಿನಿಂದ ನಿವೃತ್ತಿಯವರೆಗೆ ನನ್ನ ಕೂದಲು, ಗಡ್ಡ ಎರಡೂ ಅವರ ಕೈಯಲ್ಲಿ. ಅವರ ಬಳಿ ಮಡಚುವ ಹಳೆಯ ಕತ್ತಿಗಳ ಒಂದು ದೊಡ್ಡ ಸಂಗ್ರಹವಿತ್ತು. ಅಪ್ಪನದು, ದೊಡ್ಡಪ್ಪನದು, ಅಂಗಡಿ ಮುಚ್ಚಿ ಊರು ಬಿಟ್ಟವರು ಕೊಟ್ಟುಹೋದದ್ದು, ನ್ಯೂ ಟೌನಿನ ಯಾವುದೋ ಬಂಗಲೆಯ ಅಧಿಕಾರಿ ವರ್ಗವಾಗಿ ಹೋಗುವಾಗ ಬಿಟ್ಟದ್ದು. ಮದುಮಗನ ಕ್ಷೌರಕ್ಕೆ ಮಾತ್ರ ತೆಗೆಯುತ್ತಿದ್ದ ಕತ್ತಿಯೊಂದಿತ್ತು. ಸಾವಿನ ಮನೆಯ ಕರ್ಮಕ್ಕೆ ಮಾತ್ರ ಬಳಸುತ್ತಿದ್ದದ್ದೂ ಒಂದಿತ್ತು. ಅದನ್ನು ಬೇರೆ ಬಟ್ಟೆಯಲ್ಲಿ ಸುತ್ತಿ ಬೇರೆಯೇ ಇಡುತ್ತಿದ್ದರು. ಕಾಯಿಲೆ ಹರಡುತ್ತದೆಂಬ ಕಾರಣಕ್ಕೆ ಈಗ ಸಲೂನುಗಳಲ್ಲಿ ಪ್ರತಿಯೊಬ್ಬರಿಗೂ ಹೊಸ ಬ್ಲೇಡು ಸಿಕ್ಕಿಸುವ ಕತ್ತಿಯೇ ನಡೆಯುತ್ತದೆ. ಆದರೂ ಕೃಷ್ಣಪ್ಪ ಹಳೆಯವನ್ನೆಲ್ಲ ಚರ್ಮದ ಪಟ್ಟಿಯ ಮೇಲೆ ಉಜ್ಜಿ ಹರಿತ ಕಾಯುತ್ತಿದ್ದರು.

ಅವರ ಒಬ್ಬಳೇ ಮಗಳು ಶೋಭಾ. ಅಪ್ಪನ ಜೊತೆ ನಿಂತು ಕೆಲಸ ಕಲಿತಳು. ಬ್ಯೂಟಿ ಪಾರ್ಲರ್ ಮಾಡು ಎಂದವರಿಗೆ, "ಹುಬ್ಬು ಕೀಳೋದು ನಂಗೆ ಬೇಡ, ಗಡ್ಡ ಹೆರೆಯೋದು ಬೇಕು" ಎಂದಳು. ಜನ್ನಾಪುರದ ಗಂಡಸರು ಮೊದಮೊದಲು ಹೆಂಗಸಿನ ಕೈಗೆ ಕತ್ತಿ ಕೊಟ್ಟು ಕತ್ತು ಚಾಚುವುದೆಂದರೆ ಹೇಗೆ ಎಂದು ನಗುತ್ತಿದ್ದರು. ಆಮೇಲೆ ಅವಳಿಗಾಗಿಯೇ ಸಾಲಿನಲ್ಲಿ ಕಾದರು. ಅವಳ ಕತ್ತಿ ಚರ್ಮದ ಮೇಲಿದೆಯೆಂದೇ ತಿಳಿಯುತ್ತಿರಲಿಲ್ಲ. ಶಿವಮೊಗ್ಗದಲ್ಲಿ ತನ್ನದೇ ಸಲೂನು ತೆರೆಯಬೇಕೆಂಬುದು ಅವಳ ಬಹಳ ದಿನದ ಆಸೆ. ಅದು ಕೈಗೂಡುವ ಹೊತ್ತಿಗೆ ಕೃಷ್ಣಪ್ಪ ನನ್ನ ಮನೆಗೆ ಬಂದರು.

"ಕತ್ತಿಗಳನ್ನ ಮಗಳ ಅಂಗಡಿಗೆ ಕೊಡ್ತೀನಿ ಸಾರ್. ಟ್ರಂಕಲ್ಲಿ ಅಲ್ಲ, ಜನ ನೋಡೋ ಹಾಗೆ. ಒಂದು ಕಪಾಟು ಮಾಡ್ಕೊಡಿ. ಅಂಗಡೀಲಿ ಸಿಗೋ ತಗಡಿನ ಡಬ್ಬ ಬೇಡ. ನಿಮ್ಮ ಕೈಯಿಂದ್ಲೇ ಆಗ್ಬೇಕು."

"ಹರಿತ ತೆಗೆಸಿಬಿಡಿ ಮತ್ತೆ. ಅಂಗಡಿಯಲ್ಲಿ ಇಡೋದು."

"ಏನ್ ಮಾರಾಯ್ರೆ, ತ್ಯಾವರೆಕೊಪ್ಪದ ಸಫಾರಿಗೆ ಹೋಗೋರು ಹಲ್ಲು ಕಿತ್ತ ಹುಲಿ ನೋಡೋಕೆ ಹೋಗ್ತಾರಾ?"

ನಾನು ನಕ್ಕು ಒಪ್ಪಿಕೊಂಡೆ. ಕತ್ತಿಗಳನ್ನು ಅವರು ಮನೆಯಿಂದ ಹೊರಗೆ ಕಳಿಸಲೊಲ್ಲರು. ಒಂದೊಂದನ್ನೂ ಬಿಚ್ಚಿ, ಮನೆಯ ಟೇಪಿನಲ್ಲಿ ಅಳೆದು ಫೋನಿನಲ್ಲಿ ಹೇಳಿದರು. ಅದರ ಪ್ರಕಾರ ನಾನು ಹಳೆಯ ಪ್ಯಾಟರ್ನುಗಳ ತೇಗವನ್ನು ಬಿಡಿಸಿ, ಹೆರೆದು, ಕಪಾಟಿನ ಕೆಲಸ ಹಿಡಿದೆ. ಮೂಲೆಗಳಿಗೆ ಮೊಳೆ ಹೊಡೆಯದೆ ಬೆರಳಿಗೆ ಬೆರಳು ಹೆಣೆದಂತೆ ಜೋಡಿಸಿದೆ. ಒಂದೊಂದು ಕತ್ತಿಗೂ ಅದರದೇ ಉದ್ದದ ಗುಳಿ ಕೊರೆದೆ. ಎದುರಿಗೆ ಮೇಲೆ ಕೆಳಗೆ ತೋಡು ತೆಗೆದು ಒಂದೇ ಗಾಜು ಕೂರುವಂತೆ ಮಾಡಿದೆ. ನಿವೃತ್ತನಾದ ಮೇಲೆ ಅಷ್ಟು ಸಂತೋಷದಿಂದ ಮಾಡಿದ ಕೆಲಸ ಬೇರೊಂದಿಲ್ಲ. ಕೈಯಲ್ಲಿದ್ದದ್ದು ಆ ಸ್ಕೇಲು. ಇದು ಎರಕದ ಕೆಲಸವಲ್ಲ, ಕತ್ತಿಗಳು ಕುಗ್ಗುವುದಿಲ್ಲ ಎಂಬುದು ತಲೆಗೆ ಬರಲೇ ಇಲ್ಲ. ಮರಕ್ಕೆ ಮರ ಸರಿಯಾಗಿ ಕೂತಿತು. ಎಲ್ಲವನ್ನೂ ಒಂದೇ ಸ್ಕೇಲಿನಲ್ಲಿ ಅಳೆದಿದ್ದೆನಲ್ಲ, ಎಲ್ಲವೂ ಸೇರಿಕೊಂಡು ಒಂದೇ ಸುಳ್ಳು ಹೇಳುತ್ತಿದ್ದವು.

ಮೊದಲ ಎಚ್ಚರಿಕೆ ಗಾಜಿನಿಂದ ಬಂತು. ನನ್ನ ಅಳತೆ ಕೊಟ್ಟು ಗಾಜಿನ ಅಂಗಡಿಯ ರಹಮತ್ ಅವರಿಂದ ಕೊಯ್ಯಿಸಿ ತಂದ ಗಾಜು ತೋಡಿನಲ್ಲಿ ನಿಲ್ಲಲಿಲ್ಲ, ಚಿಕ್ಕದಾಯಿತು. ವಾಪಸು ಹೋಗಿ ಜಗಳವಾಡಿದೆ.

"ನೀವು ಬರೆದ ನಂಬರಿಗೇ ಕೊಯ್ದಿದೀನಿ ಸಾಬ್," ಎಂದರು ರಹಮತ್.

"ಹಾಗಾದ್ರೆ ನಿಮ್ಮ ಟೇಪು ತೂಕದ ಕಲ್ಲಿನ ಹಾಗೆ ಸವೆದಿರಬೇಕು!"

"ಟೇಪು ಸವೀತದಾ ಸಾಬ್? ಬನ್ನಿ, ಮರಾನೇ ತನ್ನಿ ಇಲ್ಲಿಗೆ. ಇಟ್ಟು ನೋಡಿ ಕೊಯ್ತೀನಿ."

ಕಪಾಟು ಹೊತ್ತು ತರುವುದು ನನಗೆ ಬೇಡವಾಗಿತ್ತು. ಇಷ್ಟು ವರ್ಷ ಅಳತೆಯಲ್ಲೇ ಬದುಕಿದವನಿಗೆ ಗಾಜಿನವನು ಪಾಠ ಹೇಳುವುದೇ ಎಂಬ ಬಿಗುಮಾನ ಬೇರೆ. ಕೆಳಗಿನ ತೋಡಿನೊಳಗೆ ಒಂದು ಮರದ ಪಟ್ಟಿ ಹಾಕಿ ಗಾಜನ್ನು ಎತ್ತರಿಸಿದೆ. ಮೇಲೂ ಕೆಳಗೂ ತುದಿ ಹಿಡಿದು ನಿಂತಿತು. ಎರಡನೆಯ ಎಚ್ಚರಿಕೆ ಕತ್ತಿಗಳನ್ನು ಜೋಡಿಸಿದಾಗ ಬಂತು. ಗುಳಿಗಳಲ್ಲಿ ಅವು ಸಡಿಲವಾಗಿದ್ದವು. ಕೃಷ್ಣಪ್ಪ ಬಿಚ್ಚಿದ್ದನ್ನು ಸರಿಯಾಗಿ ಅಳೆದಿಲ್ಲ ಎಂದುಕೊಂಡು ಸಂದಿಗೆ ಮಖಮಲ್ಲು ತುರುಕಿದೆ. ಎರಡು ಸಲವೂ ತಪ್ಪು ಬೇರೆಯವರದೆಂದೇ ನನಗೆ ತೋರಿತು.

ಸಲೂನಿನಲ್ಲಿ ಕಪಾಟಿಗೆ ಕೃಷ್ಣಪ್ಪ ಆರಿಸಿದ ಜಾಗ ಕುರ್ಚಿಯ ಹಿಂದಿನ ಗೋಡೆ. ಕೂತ ಗಿರಾಕಿಗೆ ಎದುರಿನ ಕನ್ನಡಿಯಲ್ಲಿ ಕತ್ತಿಗಳೆಲ್ಲ ಕಾಣಬೇಕು. "ದೇವರ ಪಟದ ಹಾಗೆ ಒಂಚೂರು ಮುಂದಕ್ಕೆ ಬಾಗಿರ್ಲಿ ಸಾರ್" ಎಂದರು. ನಮ್ಮ ಮನೆಗಳಲ್ಲಿ ಪಟಗಳನ್ನೆಲ್ಲ ಹಾಗೆಯೇ ತೂಗುಹಾಕುವುದಲ್ಲವೇ. ನಾನು ಮೇಲಿನ ತಂತಿ ಸಡಿಲಿಸಿ ಬಾಗಿಸಿದೆ. ಕರ್ಮದ ಕತ್ತಿಯನ್ನು ಇಡುವುದೋ ಬೇಡವೋ ಎಂದು ಅವರು ಬಹಳ ಹೊತ್ತು ಯೋಚಿಸಿ, "ಅದೂ ದುಡಿದದ್ದೇ" ಎಂದು ಕೆಳಗಿನ ಸಾಲಿನ ತುದಿಗೆ ಇಟ್ಟರು.

ಅಂಗಡಿ ತೆರೆಯುವ ದಿನ ಮೊದಲ ಗಿರಾಕಿ ಅಪ್ಪನೇ ಆಗಬೇಕೆಂದು ಶೋಭಾಳ ಹಟ. ಕೃಷ್ಣಪ್ಪ ಕುರ್ಚಿಗೆ ಒರಗಿದರು. ಅವಳು ಎಡಗೈಯಲ್ಲಿ ಬ್ರಷ್ಷು ಹಿಡಿದು ನೊರೆ ಹಚ್ಚುತ್ತಿದ್ದಳು.

"ಮೀಸೆ ಇರ್ಲಾ ಹೋಗ್ಲಾ ಅಪ್ಪ?"

"ಮೀಸೆ ಮುಟ್ಟಿದ್ರೆ ಅಂಗಡಿ ನಿನ್ನದಲ್ಲ ನೋಡು."

ನಾನು ಕಪಾಟಿನ ಪಕ್ಕದಲ್ಲಿ ನಿಂತು ನನ್ನ ಮೂಲೆ ಜೋಡಣೆಯನ್ನು ನಾನೇ ಮೆಚ್ಚಿಕೊಳ್ಳುತ್ತಿದ್ದೆ. ಪಕ್ಕದ ಅಂಗಡಿಯವರು ತಮ್ಮ ಶಟರನ್ನು ಒಂದೇ ಸಲಕ್ಕೆ ಎತ್ತಿದರು. ನಡುವಿನ ಗೋಡೆ ಅದುರಿತು. ಟಿಕ್ಕೆಂದು ಒಂದು ಸಣ್ಣ ಸದ್ದು. ಗಾಜಿನ ಮೇಲಂಚು ತೋಡಿನಿಂದ ಹೊರಬಂದು ಒಂದು ಬಿಳಿಯ ಗೆರೆಯಾಗಿ ಕಂಡಿತು. ಮೊದಲು ಕಂಡವನು ನಾನು. ಎಲ್ಲರಿಗಿಂತ ಹತ್ತಿರವಿದ್ದವನೂ ನಾನು. ಕೈಯೊಡ್ಡಿದ್ದರೆ ಗಾಜನ್ನು ಗೋಡೆಗೆ ಒತ್ತಿ ಹಿಡಿಯಬಹುದಿತ್ತು.

ನನ್ನ ಕೈಗಳು ಬೆನ್ನ ಹಿಂದೆ ಹೋದವು. ಕಾಲು ಎರಡು ಹೆಜ್ಜೆ ಹಿಂದೆ ಸರಿಯಿತು.

ಶೋಭಾ ತಲೆಯೆತ್ತಿ ನೋಡಿದವಳೇ ಬಲಗೈಯನ್ನು ಅಪ್ಪನ ಮುಖದ ಮೇಲೆ ಅಡ್ಡ ಹಿಡಿದಳು. ಗಾಜು ಅವಳ ಮುಂಗೈಗೆ ಬಡಿದು ನೆಲಕ್ಕೆ ಹೋಗಿ ಪುಡಿಯಾಯಿತು. ಅದರ ಹಿಂದೆ ಕತ್ತಿಗಳು. ಒಂದು ಕುರ್ಚಿಯ ಒರಗಿನಲ್ಲಿ ಕೃಷ್ಣಪ್ಪನವರ ಕಿವಿಯ ಪಕ್ಕ ನೆಟ್ಟುಕೊಂಡಿತು. ಇನ್ನೊಂದು ಅವಳ ಹೆಬ್ಬೆರಳಿನ ಬುಡವನ್ನು ಸೀಳಿಕೊಂಡು ಹೋಯಿತು. ಕೃಷ್ಣಪ್ಪ ಕಣ್ಣು ಮುಚ್ಚಿಕೊಂಡೇ, "ಏನೇ ಅದು, ಲೋಟ ಬಿತ್ತಾ?" ಎಂದರು. ಅವರ ಮುಖದ ಬಿಳಿ ನೊರೆಯ ಮೇಲೆ ಮಗಳ ರಕ್ತ ತೊಟ್ಟಿಕ್ಕುತ್ತಿತ್ತು.

ಆಸ್ಪತ್ರೆಗೆ ಆಟೋ ತಂದವನು ನಾನು, ಬಾಗಿಲಲ್ಲಿ ಕೂತವನು ನಾನು. ಹೆಬ್ಬೆರಳಿನ ನರ ಮತ್ತು ಸ್ನಾಯುರಜ್ಜು ಕತ್ತರಿಸಿದೆ, ಹೊಲಿದಿದ್ದೇವೆ, ಹಿಡಿತ ಎಷ್ಟು ಬರುತ್ತದೆಂದು ಕಾದು ನೋಡಬೇಕು ಎಂದರು ವೈದ್ಯರು. ಕ್ಷೌರದ ಕತ್ತಿ ನಿಲ್ಲುವುದೇ ಹೆಬ್ಬೆರಳಿನ ಮೇಲೆ ಎಂದು ಅವರಿಗೆ ಹೇಳುವವರು ಯಾರು? ಕೃಷ್ಣಪ್ಪನವರು ನನ್ನ ಪಕ್ಕ ಕೂತು, "ನಂದೇ ತಪ್ಪು ಸಾರ್. ಕರ್ಮದ ಕತ್ತೀನ ಮದುವೆ ಕತ್ತಿ ಜೊತೆ ಇಟ್ಟೆ. ಅಪ್ಪ ಇದ್ದಿದ್ರೆ ಇಡೋಕೆ ಬಿಡ್ತಿರ್ಲಿಲ್ಲ" ಎಂದರು. ಆಗ ನನ್ನ ಮನಸ್ಸಿನಲ್ಲಿದ್ದದ್ದು ರಹಮತ್ ಮೇಲಿನ ಕೋಪ.

ಮರುದಿನ ಆ ಕೋಪ ಹೊತ್ತುಕೊಂಡೇ ಅವರ ಅಂಗಡಿಗೆ ಹೋದೆ. ಅವರನ್ನು ಎಲ್ಲರ ಮುಂದೆ ಸುಳ್ಳನೆಂದು ತೋರಿಸಬೇಕೆಂದು ಸ್ಕೇಲನ್ನೂ ಒಯ್ದಿದ್ದೆ. ಗಾಜು ಕೊಯ್ಯುವ ಮೇಜಿನ ಮೇಲೆ ಅವರ ಟೇಪನ್ನು ಎಳೆದು, ಅದರ ಪಕ್ಕಕ್ಕೆ ನನ್ನ ಸ್ಕೇಲನ್ನು ಇಟ್ಟೆ. ಮೊದಲ ಗೆರೆ ಸೇರಿತು. ಕೊನೆಯ ಗೆರೆ ಸೇರಲಿಲ್ಲ. ಅಲ್ಲಿಯೇ ನನಗೆ ಎಲ್ಲವೂ ತಿಳಿಯಿತು. ಯಾವತ್ತೋ ಟೇಪು ಬಿದ್ದ ಮರಳಿನ ರಾಶಿ ನೆನಪಾಯಿತು, ಆರ್ಮುಗಂ ಬದುಕಿದ್ದರೆ ಈಗ ಎಲ್ಲಿಗೆ ಎಸೆಯುತ್ತಿದ್ದರೋ. ರಹಮತ್ ಬೈಯಲಿಲ್ಲ. ಗಿರಾಕಿಗಳು ನಿಂತಿದ್ದರಿಂದ ಟೇಪನ್ನು ಮೆಲ್ಲಗೆ ಸುತ್ತಿಕೊಂಡು, "ಚಾ ಕುಡೀರಿ ಸಾಬ್, ಕೂತ್ಕೊಳಿ" ಎಂದರು. ಅವರ ಆ ಮರ್ಯಾದೆಯನ್ನು ತಡೆದುಕೊಳ್ಳುವುದು ಕಷ್ಟವಾಯಿತು.

ಅಲ್ಲಿಂದ ನೇರವಾಗಿ ಹೋಗಿ ಕೃಷ್ಣಪ್ಪನವರಿಗೂ ಶೋಭಾಳಿಗೂ ಹೇಳಿದೆ. ಸ್ಕೇಲು ಏಕೆ ದೊಡ್ಡದು, ಗಾಜು ಏಕೆ ಜಾರಿತು, ಕತ್ತಿಗಳು ಏಕೆ ಸಡಿಲವಿದ್ದವು, ಎಲ್ಲ. ಕೃಷ್ಣಪ್ಪ ಕೇಳಿಸಿಕೊಂಡು, "ಸ್ಕೇಲಿಗೇನು ಗೊತ್ತು ಸಾರ್, ಕಾಲ ಸರಿ ಇರ್ಲಿಲ್ಲ" ಎಂದರು. ಶೋಭಾ ಬ್ಯಾಂಡೇಜಿನ ಕೈಯನ್ನು ಮಡಿಲಲ್ಲಿಟ್ಟುಕೊಂಡು ಕೇಳಿದಳು:

"ಅದು ಸರಿ ಅಂಕಲ್. ನೀವು ಅಲ್ಲೇ ನಿಂತಿದ್ರಲ್ಲ. ಯಾಕೆ ಹಿಡೀಲಿಲ್ಲ?"

ನಮ್ಮ ಕೆಲಸದಲ್ಲಿ ಹಾಗೆ ಕಲಿಸುತ್ತಾರೆ ಎಂದೆ. ಹೇಳುತ್ತಿದ್ದಂತೆಯೇ ಅದು ಎಷ್ಟು ಹೀನವಾಗಿ ಕೇಳಿಸುತ್ತದೆಂದು ಗೊತ್ತಾಯಿತು. "ನಮ್ಮಲ್ಲೂ ಹಾಗೇ ಕಲಿಸ್ತಾರೆ" ಎಂದಳು ಶೋಭಾ. "ಬೀಳೋ ಕತ್ತಿಗೆ ಕೈ ಕೊಡಬಾರ್ದು ಅಂತ."

ಹೊಸದಾಗಿ ಸೇರುವ ಮಕ್ಕಳೇ, ಈ ನಿಯಮ ತಪ್ಪೆಂದು ನಾನು ಹೇಳಲಾರೆ. ಉಳಿ ಬಿದ್ದರೆ ಈಗಲೂ ಹಿಂದೆ ಸರಿಯಿರಿ. ಆದರೆ ಕೆಳಗೆ ಯಾರಾದರೂ ಇದ್ದಾರೆಯೇ ಎಂದು ಆರ್ಮುಗಂ ನನಗೆ ಕೇಳಲು ಕಲಿಸಲಿಲ್ಲ, ನಾನೂ ನನ್ನ ಕೈಕೆಳಗಿನವರಿಗೆ ಕಲಿಸಲಿಲ್ಲ. ಶೋಭಾಳಿಗೆ ಅದನ್ನು ಯಾರೂ ಕಲಿಸಬೇಕಾಗಿರಲಿಲ್ಲ.

ಹೊಲಿಗೆ ಬಿಚ್ಚಿದ ಮೇಲೆ ಅಂಗಡಿ ಮತ್ತೆ ತೆರೆಯಿತು. ಕತ್ತರಿ, ಕೂದಲು ಕತ್ತರಿಸುವ ಮಿಷನ್ನು ಅವಳ ಕೈಗೆ ಬಂದವು. ಬ್ಲೇಡಿನ ಕತ್ತಿ ಬರಲಿಲ್ಲ. ಅದರ ತೆಳ್ಳನೆಯ ಉಕ್ಕಿನ ಹಿಡಿ ಸೋತ ಹೆಬ್ಬೆರಳಿನಲ್ಲಿ ತಿರುಗಿಬಿಡುತ್ತಿತ್ತು. ಗಡ್ಡಕ್ಕೆ ಬಂದವರಿಗೆ ಕೃಷ್ಣಪ್ಪನವರೇ ಎದ್ದು ನಿಲ್ಲುತ್ತಿದ್ದರು. ಅವರ ಕೈ ನಡುಗುವುದನ್ನು ಕಂಡ ಗಿರಾಕಿಗಳು ಮುಂದಿನ ಸಲ ಕೂದಲಿಗೆ ಮಾತ್ರ ಬರುತ್ತಿದ್ದರು. "ಕತ್ತಿ ಹಿಡಿಯೋಕಾಗದಿದ್ರೆ ನಾನು ಅರ್ಧ ಕೆಲಸದವಳು ಅಂಕಲ್" ಎಂದಳು ಒಂದು ದಿನ. "ನಂಗೆ ಮರದಲ್ಲಿ ಒಂದು ದಪ್ಪ ಹಿಡಿ ಮಾಡ್ಕೊಡಿ. ಕತ್ತಿಯ ಉಕ್ಕಿನ ಹಿಡಿ ಮೇಲೆ ತೊಡಿಸೋ ಹಾಗೆ."

ಮತ್ತೆ ನನ್ನ ಕೈಯ ಕೆಲಸ ಬೇಡಮ್ಮ ಎಂದೆ. "ಇನ್ಯಾರ್ ಹತ್ರ ಹೋಗ್ಲಿ?" ಎಂದು ಅವಳು ಅಂಗೈ ಚಾಚಿ ಮೇಜಿನ ಮೇಲಿಟ್ಟಳು. ಅಂದಿನವರೆಗೆ ನಾನು ಆ ಗಾಯದ ಗುರುತನ್ನು ನೇರವಾಗಿ ನೋಡಿರಲಿಲ್ಲ. ಹೆಬ್ಬೆರಳಿನ ಬುಡದಿಂದ ಮಣಿಕಟ್ಟಿನವರೆಗೆ ಅದು ಕೆಂಪಗೆ ಉಬ್ಬಿತ್ತು. ಮೇಣದ ಉಂಡೆಯೊಂದನ್ನು ಅವಳ ಬೆರಳುಗಳ ನಡುವೆ ಇಟ್ಟು ಒತ್ತಿಸಿ ಅಚ್ಚು ತೆಗೆದುಕೊಂಡೆ. ಅದನ್ನು ನೋಡಿ ಶಿವನೆ ಮರದಲ್ಲಿ ಕೆತ್ತಿದೆ. ಮೊದಲನೆಯದು ಜಾರಿತು. ಎರಡನೆಯದು ಭಾರವಾಯಿತು. ಆಮೇಲಿನದು ಪರವಾಗಿಲ್ಲ ಎಂದಳು.

ಮಂಗಳವಾರ ಸಲೂನಿಗೆ ರಜೆ. ಆವತ್ತು ಅವಳು ಅಭ್ಯಾಸ ಮಾಡುತ್ತಾಳೆ, ಹಿಡಿ ಸರಿಯಿದೆಯೇ ನೋಡಲು ನಾನೂ ಹೋಗುತ್ತೇನೆ. ಕ್ಷೌರ ಕಲಿಯುವವರು ಮೊದಲು ಬಲೂನಿನ ಮೇಲೆ ಕಲಿಯುತ್ತಾರೆ. ಊದಿದ ಬಲೂನಿಗೆ ನೊರೆ ಹಚ್ಚಿ, ಅದು ಒಡೆಯದಂತೆ ನೊರೆಯನ್ನಷ್ಟೇ ಕತ್ತಿಯಿಂದ ತೆಗೆಯಬೇಕು. ಚಿಕ್ಕಂದಿನಲ್ಲಿ ಮುಗಿಸಿದ್ದ ಆ ಪಾಠವನ್ನು ಅವಳು ಮೊದಲಿನಿಂದ ಶುರು ಮಾಡಿದಳು. ಬಲೂನುಗಳು ಒಂದಾದ ಮೇಲೊಂದು ಒಡೆದವು. ಪ್ರತಿ ಸಲವೂ ನಾನು ಬೆಚ್ಚಿ ಗೋಡೆಗೆ ಆನುತ್ತಿದ್ದೆ. ಅವಳು ಮುಖದ ಮೇಲೆ ಸಿಡಿದ ನೊರೆ ಒರೆಸಿಕೊಂಡು, "ಹೆದರಬೇಡಿ, ಗಾಳಿ ಅಷ್ಟೇ" ಎನ್ನುತ್ತಿದ್ದಳು.

ಕಳೆದ ಮಂಗಳವಾರ ನನಗೆ ತಡೆಯಲಾಗಲಿಲ್ಲ. ಕುರ್ಚಿಯ ಮೇಲೆ ಕೂತು, ಕಾಲರು ಮಡಚಿ, ತಲೆ ಹಿಂದಕ್ಕೆ ಒರಗಿಸಿದೆ.

"ಬಲೂನು ಸಾಕಮ್ಮ. ನನ್ನ ಮುಖದ ಮೇಲೆ ಮಾಡು. ಕುಯ್ದರೆ ಕುಯ್ಯಲಿ. ನನಗೆ ಅದೇ ಸರಿ."

ಶೋಭಾ ಕತ್ತಿಯನ್ನು ಮೇಜಿನ ಮೇಲಿಟ್ಟಳು. ಕೃಷ್ಣಪ್ಪ ಮೂಲೆಯಲ್ಲಿ ಪೇಪರು ಓದುತ್ತಿದ್ದವರು ಕನ್ನಡಕ ತೆಗೆದು ನೋಡಿದರು.

"ಏಳಿ ಅಂಕಲ್" ಎಂದಳು. "ನಿಮ್ಮ ಪ್ರಾಯಶ್ಚಿತ್ತಕ್ಕೆ ಅಂಗಡಿ ತೆಗೆದಿಲ್ಲ ನಾನು. ನೀವು ಕುಯ್ಸಿಕೊಂಡ್ರೆ ನಂಗೆ ಕೈ ಬರುತ್ತಾ?"

ನಾನು ಎದ್ದೆ. ಅವಳು ಪೊಟ್ಟಣದಿಂದ ಒಂದು ಕೆಂಪು ಬಲೂನು ತೆಗೆದು ನನ್ನ ಕೈಗೆ ಕೊಟ್ಟಳು.

"ಊದಿ. ಜಾಸ್ತಿ ಊದಬೇಡಿ, ಗಂಡಸರ ಕೆನ್ನೆಯಷ್ಟಿರ್ಲಿ."

ಊದಿದೆ. ಉಸಿರು ಸಾಲದೆ ಎರಡು ಸಲ ಗಾಳಿ ಸುಯ್ಯೆಂದು ನನ್ನ ಮುಖಕ್ಕೇ ವಾಪಸಾಯಿತು. ಕೃಷ್ಣಪ್ಪ ನಕ್ಕರು. ಗಂಟು ಹಾಕಿ ಕೊಟ್ಟೆ. ಅವಳು ನೊರೆ ಹಚ್ಚಿ, ಮರದ ಹಿಡಿಯನ್ನು ಬೆರಳುಗಳ ನಡುವೆ ಕೂರಿಸಿಕೊಂಡು, ಮೇಲಿನಿಂದ ಕೆಳಕ್ಕೆ ಒಂದು ಎಳೆ ತೆಗೆದಳು. ಕೆಂಪು ಬಣ್ಣ ಪಟ್ಟೆಯಾಗಿ ಕಂಡಿತು. ಇನ್ನೊಂದು ಎಳೆ. ಮತ್ತೊಂದು. ಹೆಬ್ಬೆರಳು ನಡುಗುತ್ತಿತ್ತು, ಕತ್ತಿ ತಿರುಗಲಿಲ್ಲ. ಅರ್ಧ ಮುಗಿದಾಗ ಬಲೂನು ಒಡೆಯಿತು.

"ಅರ್ಧ ಆಯ್ತು" ಎಂದಳು ಶೋಭಾ, ತನಗೆ ತಾನೇ. ಆಮೇಲೆ ನನ್ನ ಕಡೆ ಕೈ ಚಾಚಿ, "ಇನ್ನೊಂದು" ಎಂದಳು.